ನೊಣಮಂಗಲದ ತಾಮ್ರಪಟಗಳೂ ಯಂತ್ರದ ಪಾಠನಿರ್ಣಯವೂ

1

ಪ್ರಾಚೀನ ಶಾಸನವನ್ನಾಗಲಿ ತಾಡವೋಲೆಯನ್ನಾಗಲಿ ಓದುವವನಿಗೆ ಎರಡು ಆಧಾರಗಳುಂಟು. ಒಂದು ಕಣ್ಣಿನದು, ಇನ್ನೊಂದು ಶಾಸ್ತ್ರದ್ದು. ಸಾವಿರಾರು ಅಕ್ಷರಗಳನ್ನು ಕಂಡು ಕಂಡು ಪಳಗಿದ ಕಣ್ಣು, ಅರ್ಧ ಸವೆದ ರೇಖೆಯನ್ನು ನೋಡಿದೊಡನೆ ‘ಇದು ಪಕಾರ, ವಕಾರವಲ್ಲ’ ಎನ್ನುತ್ತದೆ. ಕಾರಣ ಕೇಳಿದರೆ ಹೇಳಲು ಅದಕ್ಕೆ ಬಾರದು. ಶಾಸ್ತ್ರವಾದರೋ ಕಾರಣಸಹಿತವಾಗಿ ಮಾತನಾಡುತ್ತದೆ. ವ್ಯಾಕರಣ, ಛಂದಸ್ಸು, ಪಂಚಾಂಗ, ರಾಜವಂಶಾವಳಿ, ಗುರುಪರಂಪರೆ, ಇವೆಲ್ಲವೂ ಒಂದಕ್ಕೊಂದು ಸಂಬಂಧ ಕಲ್ಪಿಸಿಕೊಂಡು ನಿಂತ ವ್ಯವಸ್ಥಿತ ಜ್ಞಾನ. ಕಣ್ಣು ಮಾತ್ರವಿದ್ದು ಶಾಸ್ತ್ರವಿಲ್ಲದವನು ಅಕ್ಷರವನ್ನು ಓದಿಯೂ ಪಾಠದಲ್ಲಿ ತಪ್ಪುತ್ತಾನೆ. ಶಾಸ್ತ್ರವಿದ್ದು ಕಣ್ಣು ಪಳಗದವನು ತನಗೆ ಗೊತ್ತಿರುವುದನ್ನೇ ಕಲ್ಲಿನ ಮೇಲೆ ಕಾಣುತ್ತಾನೆ.

ಇಂದು ಈ ಎರಡು ಆಧಾರಗಳ ಪ್ರಶ್ನೆ ಹೊಸ ರೂಪದಲ್ಲಿ ನಮ್ಮೆದುರಿಗೆ ಬಂದಿದೆ. ಹಳೆಯ ಲಿಪಿಗಳನ್ನು ಗುರುತಿಸಲು, ನಷ್ಟವಾದ ಅಕ್ಷರಗಳನ್ನು ಊಹಿಸಲು ಗಣಕಯಂತ್ರಗಳು ಸಮರ್ಥವಾಗುತ್ತಿವೆ. ಯಂತ್ರದಲ್ಲಿಯೂ ಕಣ್ಣಿಗೆ ಸಮಾನವಾದ ಒಂದು ಭಾಗ, ಶಾಸ್ತ್ರಕ್ಕೆ ಸಮಾನವಾದ ಇನ್ನೊಂದು ಭಾಗ ಉಂಟು. ಇವೆರಡನ್ನೂ ಹೇಗೆ ಕೂಡಿಸಬೇಕೆಂಬುದು ಕೃತಕ ಬುದ್ಧಿಮತ್ತೆಯ ಶಾಸ್ತ್ರಜ್ಞರಲ್ಲಿ ಇನ್ನೂ ಮುಗಿಯದ ಚರ್ಚೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಸನಗಳನ್ನು, ಅವುಗಳಲ್ಲಿಯೂ ಮುಖ್ಯವಾಗಿ ಮಾಲೂರು ತಾಲ್ಲೂಕಿನ ನೊಣಮಂಗಲದ ಜೈನ ತಾಮ್ರಪಟಗಳನ್ನು ಮುಂದಿಟ್ಟುಕೊಂಡು ಆ ಚರ್ಚೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಯಂತ್ರಶಾಸ್ತ್ರದ ಇತಿಹಾಸವನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಅವಶ್ಯ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಎಂಬವರು ಮಿದುಳಿನ ನರಕೋಶದ ವ್ಯಾಪಾರವನ್ನು ಗಣಿತದ ರೂಪದಲ್ಲಿ ನಿರೂಪಿಸಿದರು. 1958ರಲ್ಲಿ ರೋಸೆನ್‌ಬ್ಲಾಟ್ ‘ಪರ್ಸೆಪ್ಟ್ರಾನ್’ ಎಂಬ, ಉದಾಹರಣೆಗಳಿಂದ ಕಲಿಯುವ ರಚನೆಯನ್ನು ವಿವರಿಸಿದನು. ಇಂತಹ ರಚನೆಗಳಿಗೆ ನರಜಾಲಗಳೆಂದು ಹೆಸರು. ಇವುಗಳಿಗೆ ನಿಯಮಗಳನ್ನು ಬೋಧಿಸುವುದಿಲ್ಲ. ಒಂದೇ ಅಕ್ಷರದ ಸಾವಿರ ಚಿತ್ರಗಳನ್ನು ತೋರಿಸಿ, ತಪ್ಪಿದಾಗಲೆಲ್ಲ ಒಳಗಿನ ಅಂಕಗಳನ್ನು ತುಸುತುಸುವೇ ತಿದ್ದುತ್ತ ಹೋದರೆ, ಕ್ರಮೇಣ ಅಕ್ಷರದ ಸ್ವರೂಪ ಆ ಅಂಕಗಳಲ್ಲಿಯೇ ನೆಲೆಸುತ್ತದೆ. 1969ರಲ್ಲಿ ಮಿನ್ಸ್ಕಿ ಮತ್ತು ಪೇಪರ್ಟ್ ಇಂತಹ ಸರಳ ಜಾಲಗಳ ಮಿತಿಗಳನ್ನು ಗಣಿತದಿಂದ ತೋರಿಸಿದ ಮೇಲೆ ಈ ಮಾರ್ಗ ಕೆಲಕಾಲ ಮಂಕಾಯಿತು.

ಆ ಕಾಲದಲ್ಲಿ ಪ್ರಬಲವಾಗಿದ್ದುದು ಎರಡನೆಯ ಮಾರ್ಗ. ಜ್ಞಾನವನ್ನು ಸ್ಪಷ್ಟವಾದ ಸಂಕೇತಗಳಲ್ಲಿಯೂ ನಿಯಮಗಳಲ್ಲಿಯೂ ಬರೆದು, ಯಂತ್ರದಿಂದ ಅನುಮಾನ ಮಾಡಿಸುವ ಕ್ರಮವದು. ರಕ್ತದ ಸೋಂಕುಗಳನ್ನು ನಿರ್ಣಯಿಸಲು 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಚಿತವಾದ ‘ಮೈಸಿನ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬವನು ಸಂಸ್ಕೃತ ವೈಯಾಕರಣರ ವಾಕ್ಯವಿಶ್ಲೇಷಣೆಗೂ ಈ ಮಾರ್ಗದ ಜ್ಞಾನನಿರೂಪಣೆಗೂ ಇರುವ ಸಾಮ್ಯವನ್ನು ಎತ್ತಿ ತೋರಿಸಿ ಬರೆದ ಲೇಖನ ನಮ್ಮ ದೇಶದ ಪಂಡಿತರ ಗಮನವನ್ನೂ ಸೆಳೆಯಿತು. ಆದರೆ ನಿಯಮಮಾರ್ಗಕ್ಕೆ ಎರಡು ಕೊರತೆಗಳಿದ್ದವು: ನಿಯಮಗಳನ್ನು ಬರೆದು ಮುಗಿಸುವುದು ಅಸಾಧ್ಯ, ಮಸುಕಾದ ಚಿತ್ರವನ್ನು ನೋಡುವ ಕಣ್ಣು ಅದಕ್ಕಿಲ್ಲ.

1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಇವರ ಲೇಖನದಿಂದ, ಅನೇಕ ಪದರಗಳುಳ್ಳ ಜಾಲಕ್ಕೆ ಕಲಿಸುವ ಕ್ರಮ ಪ್ರಚಾರಕ್ಕೆ ಬಂತು. 2012ರ ತರುವಾಯ ಚಿತ್ರಗಳನ್ನು ಗುರುತಿಸುವುದರಲ್ಲಿಯೂ, 2017ರ ತರುವಾಯ ಭಾಷೆಯನ್ನು ನಿರ್ವಹಿಸುವುದರಲ್ಲಿಯೂ ನರಜಾಲಗಳು ಹಿಂದಿನ ಸಾಧನಗಳನ್ನೆಲ್ಲ ಮೀರಿದುವು. ಮೀರಿದರೂ ಅವುಗಳ ದೋಷವೊಂದು ಉಳಿದೇ ಇದೆ. ಹೆಚ್ಚು ಸಲ ಕಂಡುದನ್ನು ಅವು ನಿಜವೆಂದು ಎಣಿಸುತ್ತವೆ. ತಮಗೆ ತಿಳಿಯದೆಡೆಯಲ್ಲಿಯೂ ಸಂಭಾವ್ಯವಾದುದನ್ನು ನಿಶ್ಚಯದ ಧ್ವನಿಯಲ್ಲಿ ಹೇಳುತ್ತವೆ. ಆದುದರಿಂದಲೇ ಎರಡು ಮಾರ್ಗಗಳನ್ನೂ ಕೂಡಿಸುವ ಪ್ರಯತ್ನ ಮತ್ತೆ ಬಲಗೊಂಡಿದೆ. 2024ರಲ್ಲಿ ಪ್ರಕಟವಾದ ‘ಆಲ್ಫಾಜಿಯೋಮೆಟ್ರಿ’ಯಲ್ಲಿ ನರಜಾಲವು ಜ್ಯಾಮಿತಿಯ ಚಿತ್ರಕ್ಕೆ ಯಾವ ಹೊಸ ರೇಖೆಯನ್ನು ಎಳೆಯಬಹುದೆಂದು ಸೂಚಿಸುತ್ತದೆ, ನಿಯಮಬದ್ಧವಾದ ಅನುಮಾನಯಂತ್ರವು ಆ ಸೂಚನೆಯಿಂದ ಸಿದ್ಧಾಂತ ಹೊರಡುವುದೋ ಇಲ್ಲವೋ ಎಂದು ಪರೀಕ್ಷಿಸುತ್ತದೆ. ಅಂತರರಾಷ್ಟ್ರೀಯ ಗಣಿತ ಸ್ಪರ್ಧೆಗಳ 30 ಪ್ರಶ್ನೆಗಳಲ್ಲಿ 25ನ್ನು ಅದು ಬಿಡಿಸಿತು. ಊಹಿಸುವವನು ಒಬ್ಬ, ಪರೀಕ್ಷಿಸುವವನು ಮತ್ತೊಬ್ಬ ಎಂಬ ಈ ವಿಭಾಗವೇ ಅದರ ಸಾರ.

3

ಈಗ ನಮ್ಮ ಸಾಮಗ್ರಿಗೆ ಬರೋಣ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅಂದಿನ ಜಿಲ್ಲೆಯಿಂದ ಚಿಕ್ಕಬಳ್ಳಾಪುರದ ಭಾಗ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಪ್ರಸ್ತುತ ಲೇಖನಕ್ಕೆ ವಿಷಯವಾದ ನಾಲ್ಕು ತಾಲ್ಲೂಕುಗಳು ಕೋಲಾರದಲ್ಲಿಯೇ ಉಳಿದುವು. ಕುವಲಾಲವೆಂಬ ಪ್ರಾಚೀನ ನಾಮದ ಕೋಲಾರವು ಗಂಗರ ಬಿರುದುಗಳಲ್ಲಿ ಬರುವ ಪುರ. ಕೋಲಾರಮ್ಮನ ದೇವಾಲಯದಲ್ಲಿ ಚೋಳರ ತಮಿಳು ಶಾಸನಗಳಿವೆ. ಮುಳಬಾಗಿಲಿನ ಆವನಿಯಲ್ಲಿ ನೊಳಂಬರ ಶಾಸನಗಳಿವೆ. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಕನ್ನಡದೊಡನೆ ತೆಲುಗು ಶಾಸನಗಳೂ ದೊರೆಯುತ್ತವೆ.

ಯಂತ್ರಕ್ಕೆ ಇದು ಸುಲಭದ ಕ್ಷೇತ್ರವಲ್ಲ. ಪ್ರಾಚೀನ ಕಾಲದ ಕನ್ನಡ ತೆಲುಗು ಲಿಪಿಗಳು ಒಂದೇ. ಬೇರ್ಪಟ್ಟದ್ದು ಬಹುಕಾಲದ ಅನಂತರ. ಆದುದರಿಂದ ಅಕ್ಷರದ ಆಕಾರವೊಂದರಿಂದಲೇ ಶಾಸನದ ಭಾಷೆ ಯಾವುದೆಂದು ಎಲ್ಲ ಕಡೆಯೂ ತಿಳಿಯುವಂತಿಲ್ಲ. ಪದಪ್ರತ್ಯಯಗಳ ಜ್ಞಾನ ಬೇಕು. ಇನ್ನು ಹಳೆಯ ಬರವಣಿಗೆಯಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ತೋರಿಸುತ್ತಿರಲಿಲ್ಲ. ಅಲ್ಲಿ ಕಣ್ಣು ಎಷ್ಟು ತೀಕ್ಷ್ಣವಾದರೂ ಪ್ರಯೋಜನವಿಲ್ಲ, ಏಕೆಂದರೆ ಕಾಣಬೇಕಾದುದು ಅಲ್ಲಿ ಬರೆದೇ ಇಲ್ಲ. ಅದನ್ನು ಕೊಡತಕ್ಕದ್ದು ವ್ಯಾಕರಣ, ಛಂದಸ್ಸುಗಳು.

ಛಂದಸ್ಸಿನ ಉಪಕಾರಕ್ಕೆ ಕಂದಪದ್ಯವೇ ಸಾಕಾದ ನಿದರ್ಶನ. ಅದರ ಪಾದಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆಗಳು. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು ಪ್ರಾಸನಿಯಮ. ಮೂರನೆಯ ಪಾದದ ಎರಡನೆಯ ಅಕ್ಷರವನ್ನು ಹುಳು ತಿಂದಿದ್ದರೆ, ಉಳಿದ ಮೂರು ಪಾದಗಳು ಆ ವ್ಯಂಜನವನ್ನು ಹೇಳಿಕೊಡುತ್ತವೆ. ಹಾಗೆಯೇ ಪಂಚಾಂಗ: ಗತಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿದ ಶೇಷವೇ ಪ್ರಭವಾದಿ ಸಂವತ್ಸರದ ಸಂಖ್ಯೆ. ಗತಶಕ 1900ಕ್ಕೆ ಶೇಷ 52, ಅದು ಕಾಳಯುಕ್ತಿ. ಶಾಸನದಲ್ಲಿ ಶಕವರ್ಷದ ಒಂದು ಅಂಕೆ ಸವೆದು ಸಂವತ್ಸರದ ಹೆಸರು ಉಳಿದಿದ್ದರೆ, ಆ ಅಂಕೆ ಯಾವುದಾಗಬಹುದು, ಯಾವುದಾಗಲಾರದು ಎಂಬುದನ್ನು ಈ ಸರಳ ಗಣಿತ ಹೇಳುತ್ತದೆ. ಇಂತಹ ನಿಯಮವನ್ನು ಸಾವಿರ ಉದಾಹರಣೆಗಳಿಂದ ನರಜಾಲ ತಾನಾಗಿ ಕಲಿಯಲೆಂದು ಕಾಯುವುದು ವ್ಯರ್ಥಶ್ರಮ. ನಿಯಮವನ್ನು ನಿಯಮವಾಗಿಯೇ ಕೊಡುವುದು ಲೇಸು.

4

ನೊಣಮಂಗಲದ ತಾಮ್ರಪಟಗಳು ಮಾಲೂರು ತಾಲ್ಲೂಕಿನಲ್ಲಿ ಹಾಳುಬಿದ್ದ ಬಸದಿಯ ನೆಲೆಯಲ್ಲಿ ದೊರೆತವು. ರೈಸ್ ಅವರ ಸಂಪುಟದಲ್ಲಿ ಇವು ಮಾಲೂರು 72 ಮತ್ತು 73. ಭಾಷೆ ಸಂಸ್ಕೃತ. ಒಂದು ಗಂಗರಾಜ ಮಾಧವನದು. ಆಚಾರ್ಯ ವೀರದೇವನ ಉಪದೇಶದಂತೆ, ಪೆರ್ಬೊಳಲ್ ಗ್ರಾಮದಲ್ಲಿ ಮೂಲಸಂಘದವರು ಮಾಡಿಸಿದ ಅರ್ಹದಾಯತನಕ್ಕೆ ಕೊಟ್ಟ ದತ್ತಿ. ಇನ್ನೊಂದು ಮಾಧವನ ಮಗನಾದ ಕೊಂಗುಣಿವರ್ಮ ಅವಿನೀತನದು. ತನ್ನ ಗುರು ವಿಜಯಕೀರ್ತಿಯ ಉಪದೇಶದಂತೆ, ಮೂಲಸಂಘದ ಚಂದ್ರನಂದಿ ಮೊದಲಾದವರು ಸ್ಥಾಪಿಸಿದ ಉರನೂರಿನ ಅರ್ಹದಾಯತನಕ್ಕೆ ಕೊಟ್ಟದ್ದು. ಇವುಗಳಲ್ಲಿ ಶಕವರ್ಷವಿಲ್ಲ, ರಾಜ್ಯವರ್ಷಗಳು ಮಾತ್ರ. ರೈಸ್ ಅವರು ಇವುಗಳಿಗೆ ಸುಮಾರು ಕ್ರಿ.ಶ. 370 ಮತ್ತು 425ರ ಕಾಲವನ್ನು ಸೂಚಿಸಿದರು. ತರುವಾಯದ ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯಗಳುಂಟು. ಮೂಲಸಂಘದ ಹೆಸರು ಬರುವ ಅತಿ ಪ್ರಾಚೀನ ಶಾಸನಗಳಲ್ಲಿ ಇವು ಸೇರಿರುವುದರಿಂದ ಜೈನಸಂಘದ ಇತಿಹಾಸಕ್ಕೆ ಇವುಗಳ ಬೆಲೆ ಹೆಚ್ಚು.

ಇಲ್ಲಿ ವಿದ್ವಾಂಸರು ಗಮನಿಸಬೇಕಾದ ಒಂದು ಅಂಶವಿದೆ. ಈ ಪಟಗಳಲ್ಲಿ ಮೂಲಸಂಘವೆಂದಿದೆ. ಆದರೆ ಅದರೊಡನೆ ಕೊಂಡಕುಂದಾನ್ವಯವಿಲ್ಲ, ದೇಸಿಯಗಣವಿಲ್ಲ, ಪುಸ್ತಕಗಚ್ಛವಿಲ್ಲ. ಹನ್ನೊಂದು, ಹನ್ನೆರಡನೆಯ ಶತಮಾನಗಳ ಶ್ರವಣಬೆಳಗೊಳದ ಶಾಸನಗಳನ್ನು ಓದಿದವರಿಗೆ ಈ ನಾಲ್ಕು ಹೆಸರುಗಳೂ ಒಂದೇ ಸರದ ಮಣಿಗಳಂತೆ ಒಟ್ಟಾಗಿ ಬರುವುದು ಪರಿಚಿತ. ಈಗ, ಕರ್ನಾಟಕದ ಜೈನ ಶಾಸನಗಳನ್ನೆಲ್ಲ ಓದಿಸಿ ಒಂದು ನರಜಾಲವನ್ನು ಪಳಗಿಸಿದೆವೆಂದು ಭಾವಿಸೋಣ. ಅದು ಕಂಡ ಶಾಸನಗಳಲ್ಲಿ ಬಹುಪಾಲು ಈ ಈಚಿನ ಶತಮಾನಗಳವು. ಅದರ ಮುಂದೆ, ಮೂಲಸಂಘ ಎಂಬ ಪದದ ಅನಂತರ ಹತ್ತು ಹನ್ನೆರಡು ಅಕ್ಷರಗಳು ಸವೆದಿರುವ ಒಂದು ಪ್ರಾಚೀನ ಪಟವನ್ನಿಟ್ಟರೆ ಅದು ಏನನ್ನು ತುಂಬೀತು? ದೇಸಿಯಗಣವನ್ನೂ ಕೊಂಡಕುಂದಾನ್ವಯವನ್ನೂ ತುಂಬುವ ಸಂಭವವೇ ಹೆಚ್ಚು, ಏಕೆಂದರೆ ಅದು ಹೆಚ್ಚು ಸಲ ಕಂಡದ್ದು ಅದನ್ನೇ. ಹಾಗೆ ತುಂಬಿದ ಪಾಠ ವ್ಯಾಕರಣಕ್ಕೆ ಸರಿ, ಸಂಪ್ರದಾಯಕ್ಕೆ ಸರಿ, ಓದುವವನ ಕಿವಿಗೂ ಸರಿ. ಇತಿಹಾಸಕ್ಕೆ ಮಾತ್ರ ತಪ್ಪು. ಗಣಗಚ್ಛಗಳು ಯಾವಾಗ, ಯಾವ ಕ್ರಮದಲ್ಲಿ ರೂಪುಗೊಂಡವೆಂಬ ಪ್ರಶ್ನೆಯೇ ಆ ಒಂದು ಊಹೆಯಿಂದ ಅಳಿಸಿಹೋಗುತ್ತದೆ.

ಇದು ಕೇವಲ ಕಲ್ಪಿತ ಭಯವಲ್ಲ. ಯಂತ್ರವಿಲ್ಲದ ಕಾಲದಲ್ಲಿಯೇ ಇಂತಹುದು ನಡೆದಿದೆ. ಅದೇ ಅವಿನೀತನ ಹೆಸರಿನ ಮಡಿಕೇರಿಯ ತಾಮ್ರಪಟ, ಮರ್ಕರಾ ಪಟವೆಂದು ಪ್ರಸಿದ್ಧವಾದುದು, ದೇಸಿಗಗಣವನ್ನೂ ಕೊಂಡಕುಂದಾನ್ವಯವನ್ನೂ ಹೇಳುತ್ತದೆ. ಅದರಲ್ಲಿರುವ 388ನೆಯ ವರ್ಷವನ್ನು ಶಕವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಆದರೆ ಅನೇಕ ವಿದ್ವಾಂಸರು ಅದನ್ನು ಶತಮಾನಗಳ ಅನಂತರ ಸಿದ್ಧಪಡಿಸಿದ ಪಟವೆಂದೇ ಎಣಿಸುತ್ತಾರೆ. ಪಂಚಾಂಗದ ದೃಷ್ಟಿಯಿಂದ ನೋಡಿದರೂ ಅದರ ತೊಡಕು ತಿಳಿಯುತ್ತದೆ. ಅಲ್ಲಿ ಮಾಘಮಾಸ, ಶುದ್ಧ ಪಂಚಮಿ, ಸೋಮವಾರ, ಸ್ವಾತಿ ನಕ್ಷತ್ರವೆಂದಿದೆ. ಮಾಘದ ಹುಣ್ಣಿಮೆಯಂದು ಚಂದ್ರನು ಮಘಾ ನಕ್ಷತ್ರದ ಸಮೀಪದಲ್ಲಿರಬೇಕು. ಅದಕ್ಕೆ ಹತ್ತು ದಿನ ಹಿಂದಿನ ಪಂಚಮಿಯಂದು ಅವನು ರೇವತಿಯ ಆಸುಪಾಸಿನಲ್ಲಿರುವನೇ ಹೊರತು ಸ್ವಾತಿಯಲ್ಲಿರಲಾರನು. ವಾರದ ಹೆಸರಿರುವುದೂ ಸಂಶಯಾಸ್ಪದ. ವಾರವನ್ನು ಹೇಳುವ ಭಾರತೀಯ ಶಾಸನಗಳಲ್ಲಿ ಅತಿ ಪ್ರಾಚೀನವೆಂದು ಎಣಿಸುವ ಏರಣ್ ಸ್ತಂಭಶಾಸನವೇ ಕ್ರಿ.ಶ. 484ರದು. ಪಟವನ್ನು ಬರೆದವನು ತನ್ನ ಕಾಲದಲ್ಲಿ ರೂಢಿಯಲ್ಲಿದ್ದ ಗಣಾನ್ವಯಗಳನ್ನು ಪೂರ್ವಕಾಲದ ಮೇಲೆ ಹೊರಿಸಿದನೆಂದೇ ತೋರುತ್ತದೆ. ರೂಢಿಯಿಂದ ಪೂರ್ವವನ್ನು ತುಂಬುವ ನರಜಾಲ ಮಾಡುವುದೂ ಇದನ್ನೇ. ಅದಕ್ಕೆ ವಂಚನೆಯ ಉದ್ದೇಶವಿಲ್ಲವೆಂಬುದೊಂದೇ ಭೇದ.

5

ಹಾಗಾದರೆ ಶಾಸ್ತ್ರವನ್ನು ಕೂಡಿಸಿದರೆ ಎಲ್ಲವೂ ಸರಿಹೋಗುವುದೇ? ಭಾಗಶಃ ಮಾತ್ರ. ಯಾವ ಗಣ, ಯಾವ ಅನ್ವಯ, ಯಾವ ಶಾಸನದಲ್ಲಿ, ಯಾವ ಕಾಲದಲ್ಲಿ ಮೊದಲು ಕಾಣುತ್ತದೆಂಬುದನ್ನು ಸಂಬಂಧಸಹಿತವಾದ ಕೋಷ್ಟಕಗಳಾಗಿ ಬರೆದು ಯಂತ್ರಕ್ಕೆ ಕೊಟ್ಟರೆ, ನರಜಾಲ ಸೂಚಿಸಿದ ಪಾಠವನ್ನು ಆ ಕೋಷ್ಟಕ ತಡೆಯಬಲ್ಲದು. ಆದರೆ ಕೋಷ್ಟಕವನ್ನು ಬರೆಯುವಾಗ ಮರ್ಕರಾ ಪಟವನ್ನು ನಿಜವೆಂದು ಸೇರಿಸಿದ್ದರೆ, ಕೊಂಡಕುಂದಾನ್ವಯ ಕ್ರಿ.ಶ. 466ರಲ್ಲಿಯೇ ಇತ್ತೆಂದು ಶಾಸ್ತ್ರವೇ ಸಾಕ್ಷಿ ಹೇಳುತ್ತದೆ! ಆಗ ತಪ್ಪಿಗೆ ಎರಡು ಸಾಕ್ಷಿಗಳಾದವು. ಮುಳಬಾಗಿಲು ತಾಲ್ಲೂಕಿನ ಮುದಿಯನೂರು ತಾಮ್ರಪಟವೂ ಇಂತಹುದೇ. ಬಾಣರಾಜ ಮಲ್ಲದೇವ ನಂದಿವರ್ಮನದೆಂದು ಹೇಳಲಾದ ಅದರಲ್ಲಿ ಶಕವರ್ಷ 261 ಎಂದು ಸ್ಪಷ್ಟವಾಗಿಯೇ ಬರೆದಿದೆ. ಅಕ್ಷರಗಳ ರೂಪ ಮಾತ್ರ ಅಷ್ಟು ಪ್ರಾಚೀನವಲ್ಲ. ಆದುದರಿಂದ ವಿದ್ವಾಂಸರು ಅದನ್ನು ಕೂಟಶಾಸನವೆಂದರು. ಅಲ್ಲಿ ಬರೆದ ಮಾತು ಒಂದು ಕಾಲವನ್ನು ಹೇಳಿದರೆ, ಕಣ್ಣು ಬೇರೊಂದು ಕಾಲವನ್ನು ಹೇಳಿತು, ಕಣ್ಣೇ ಗೆದ್ದಿತು.

ನಿಯಮವು ಸಾಕ್ಷ್ಯಕ್ಕೆ ಬಾಗಬೇಕೆಂಬುದಕ್ಕೆ ಜೆ. ಎಫ್. ಫ್ಲೀಟ್ ಅವರ ನಿದರ್ಶನವಿದೆ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟವೆಂದು ಅವರು ಕಟುವಾಗಿ ವಾದಿಸಿದ್ದರು. ಅದೇ ಫ್ಲೀಟ್ ಅವರು ಮಾಧವನ ಪೆನುಕೊಂಡೆಯ ಪಟ ಬೆಳಕಿಗೆ ಬಂದಾಗ, ಅದರ ಲಿಪಿಯನ್ನು ಪರೀಕ್ಷಿಸಿ ಅದನ್ನು ನಿಜವೆಂದು ಒಪ್ಪಿದರು. ಶಾಸ್ತ್ರವಿದ್ದೂ ಹಟವಿಲ್ಲದಿದ್ದರೆ ಮಾತ್ರ ಇದು ಸಾಧ್ಯ.

ಆದುದರಿಂದ ಯಂತ್ರಕ್ಕೆ ಕೊಡುವ ವ್ಯವಸ್ಥಿತ ಜ್ಞಾನದ ಪ್ರತಿಯೊಂದು ಅಂಶಕ್ಕೂ ಅದರ ಮೂಲ, ಕಾಲ, ಪ್ರಾಮಾಣ್ಯ ಇವು ಅಂಟಿಕೊಂಡಿರಬೇಕು. ‘ಇಂತಹ ಅನ್ವಯವಿತ್ತು’ ಎಂಬುದು ಸಾಲದು. ‘ಇಂತಹ ಪಟ ಹೀಗೆ ಹೇಳುತ್ತದೆ, ಆ ಪಟ ಸಂದಿಗ್ಧ’ ಎಂದಿರಬೇಕು. ಒಂದೊಂದು ನಯದಿಂದ ಹೇಳಿದ ಮಾತನ್ನು ಆ ನಯದ ಹೆಸರಿನೊಡನೆ ಹೇಳುವುದು ನಮ್ಮ ತರ್ಕಪರಂಪರೆಗೆ ಹೊಸದೇನೂ ಅಲ್ಲ.

6

ಪಾಠಕ್ಕೂ ಊಹೆಗೂ ನಡುವೆ ಗೆರೆ ಎಳೆಯುವ ಕ್ರಮಕ್ಕೆ ಜೈನ ಗ್ರಂಥಸಂಪಾದನೆಯಲ್ಲಿಯೇ ಉಜ್ವಲವಾದ ದೃಷ್ಟಾಂತವಿದೆ. ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾಯಿತು. ಮೂಡುಬಿದಿರೆಯ ಹಳಗನ್ನಡ ಲಿಪಿಯ ತಾಡವೋಲೆಗಳು ಆಗ ಸಂಪಾದಕರ ಕೈಗೆ ನೇರವಾಗಿ ಸಿಕ್ಕಿರಲಿಲ್ಲ; ಅವುಗಳಿಂದ ಇಳಿದುಬಂದ ನಕಲುಗಳೇ ಆಧಾರ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ನಕಲುಗಳಲ್ಲಿರಲಿಲ್ಲ. ಟೀಕೆಯ ಚರ್ಚೆಯನ್ನು ನೋಡಿದರೆ ಆ ಪದ ಇರಬೇಕೆಂದು ಸಂಪಾದಕರಿಗೆ ತೋರಿತು. ಅವರು ಅದನ್ನು ಸೂತ್ರದೊಳಗೆ ಸೇರಿಸಲಿಲ್ಲ; ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಒಂದು ಪದವೇ ಆದರೂ ಸಿದ್ಧಾಂತದ ಮಹತ್ವದ ಪ್ರಶ್ನೆಯನ್ನು ಮುಟ್ಟುವಂತಹುದಾದ್ದರಿಂದ ವಿದ್ವಾಂಸರಲ್ಲಿ ತೀವ್ರ ವಿವಾದವೆದ್ದಿತು. ಮುಂದೆ ಮೂಡುಬಿದಿರೆಯ ಮೂಲ ಓಲೆಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ಇರುವುದು ಕಂಡುಬಂತು.

ಇಲ್ಲಿ ಶಾಸ್ತ್ರಜ್ಞಾನ ಕಣ್ಣಿಗೆ ಕಾಣದುದನ್ನು ಊಹಿಸಿತು. ಊಹೆ ಊಹೆಯಾಗಿಯೇ ಉಳಿಯಿತು. ಮೂಲಪ್ರತಿಯ ಸಾಕ್ಷ್ಯ ಬಂದ ಮೇಲೆ ನಿರ್ಣಯವಾಯಿತು. ಸಂಪಾದಕರು ಸದ್ದಿಲ್ಲದೆ ಪದವನ್ನು ಸೂತ್ರದೊಳಗೆ ಸೇರಿಸಿದ್ದರೆ, ಊಹೆ ನಿಜವೇ ಆಗಿದ್ದರೂ, ಓಲೆಯನ್ನು ಹುಡುಕಿ ನೋಡುವ ಅವಶ್ಯಕತೆಯೇ ಯಾರಿಗೂ ತೋರುತ್ತಿರಲಿಲ್ಲ. ಯಂತ್ರಕ್ಕೆ ನಾವು ಕಲಿಸಬೇಕಾದುದು ಈ ಸಂಯಮವನ್ನು.

ಗ್ರೀಕ್ ಶಾಸನಗಳ ಕ್ಷೇತ್ರದಲ್ಲಿ 2022ರಲ್ಲಿ ಪ್ರಕಟವಾದ ‘ಇಥಾಕಾ’ ಎಂಬ ನರಜಾಲದ ಅನುಭವವೂ ಇದಕ್ಕೆ ಪೋಷಕ. 78 ಸಾವಿರಕ್ಕೂ ಹೆಚ್ಚು ಶಾಸನಗಳ ಆಧಾರದಿಂದ ಸಿದ್ಧವಾದ ಅದು ನಷ್ಟವಾದ ಅಕ್ಷರಗಳನ್ನು ತಾನೊಂದೇ ತುಂಬಿದಾಗ ನೂರಕ್ಕೆ 62ರಷ್ಟು ಸರಿಯಾಯಿತು. ಇತಿಹಾಸಜ್ಞರು ತಾವೇ ತುಂಬಿದಾಗ ನೂರಕ್ಕೆ 25. ಯಂತ್ರದ ಸೂಚನೆಗಳನ್ನು ಮುಂದಿಟ್ಟುಕೊಂಡು ನಿರ್ಣಯಿಸಿದಾಗ 72. ಅದು ಒಂದೇ ಪಾಠವನ್ನು ಘೋಷಿಸದೆ, ಸಂಭವನೀಯವಾದ ಹಲವು ಪಾಠಗಳನ್ನು ತಾರತಮ್ಯದೊಡನೆ ಮುಂದಿಡುತ್ತದೆ. ಆರಿಸತಕ್ಕವನು ವಿದ್ವಾಂಸ. ಆದರೆ ನೂರಕ್ಕೆ 72 ಎಂಬುದು 28 ತಪ್ಪು ಎಂಬುದನ್ನೂ ಹೇಳುತ್ತದೆ. ಆ 28 ಯಾವುವೆಂದು ಪಾಠದ ಮೇಲೆ ಬರೆದಿರುವುದಿಲ್ಲ.

ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಆ ವಿಭಾಗ ಆತ್ಮನ ಜ್ಞಾನವನ್ನು ಕುರಿತದ್ದು. ಜಡಯಂತ್ರಕ್ಕೆ ಅದನ್ನು ಆರೋಪಿಸುವುದು ಅಪಸಿದ್ಧಾಂತವಾದೀತು. ಹೋಲಿಕೆಗಾಗಿ ಮಾತ್ರ ಹೇಳುವುದಾದರೆ, ನರಜಾಲ ಅವಗ್ರಹದಿಂದ ನೇರವಾಗಿ ಅವಾಯಕ್ಕೆ ಜಿಗಿಯುತ್ತದೆ. ನಡುವಿನ ಈಹೆ, ‘ಇದು ಪಕಾರವೋ ವಕಾರವೋ, ಇದಕ್ಕೆ ಸಾಧಕವೇನು, ಬಾಧಕವೇನು’ ಎಂಬ ವಿಚಾರಣೆ, ಅದರಲ್ಲಿ ಕಾಣದು. ವ್ಯವಸ್ಥಿತ ಜ್ಞಾನವನ್ನು ಜೋಡಿಸುವುದೆಂದರೆ ಆ ವಿಚಾರಣೆಗೆ ಎಡೆಮಾಡಿಕೊಡುವುದು.

7

ಕಾರ್ಯರೂಪದಲ್ಲಿ ಇದರ ಅರ್ಥವೇನು? ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಪ್ರದೇಶದ ಶಿಲಾಶಾಸನಗಳ ಮೂರು ಆಯಾಮದ ಪ್ರತಿಕೃತಿಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪ್ರತಿಯೊಂದು ಶಾಸನಕ್ಕೂ ಅಂತಹ ಪ್ರತಿಕೃತಿ ಸಿದ್ಧವಾಗಬೇಕು. 1905ರ ಪಾಠವನ್ನು ಅದರ ಪಕ್ಕದಲ್ಲಿಟ್ಟು, ಈಗ ಕಾಣುವುದೆಷ್ಟು, ರೈಸ್ ಅವರು ಕಂಡಿದ್ದು ಈಗ ಸವೆದಿರುವುದೆಷ್ಟು ಎಂಬುದನ್ನು ಅಕ್ಷರ ಅಕ್ಷರವಾಗಿ ಗುರುತಿಸಬೇಕು. ನರಜಾಲದ ಓದು ಒಂದು ಪದರ. ವ್ಯಾಕರಣ, ಛಂದಸ್ಸು, ಪಂಚಾಂಗ, ಗುರುಪರಂಪರೆಗಳ ಪರೀಕ್ಷೆ ಇನ್ನೊಂದು ಪದರ. ಸಂಪಾದಕನ ನಿರ್ಣಯ ಮೂರನೆಯದು. ಒಂದರ ಮೇಲೊಂದನ್ನು ಬರೆದು ಕೆಳಗಿನದನ್ನು ಅಳಿಸಬಾರದು. ಕಂಡ ಅಕ್ಷರ, ಸಂದಿಗ್ಧವಾದ ಅಕ್ಷರ, ತುಂಬಿದ ಅಕ್ಷರ ಇವುಗಳನ್ನು ಆವರಣಚಿಹ್ನೆಗಳಿಂದ ಬೇರೆಬೇರೆಯಾಗಿ ತೋರಿಸುವ ಹಳೆಯ ರೂಢಿಯನ್ನು ಯಂತ್ರವೂ ಪಾಲಿಸಬೇಕು.

ಶಾಸ್ತ್ರ ಒಪ್ಪದ ರೂಪ ಕಂಡೊಡನೆ ಅದನ್ನು ತಪ್ಪೆಂದು ತಿದ್ದುವ ಅಧಿಕಾರವನ್ನು ಯಂತ್ರಕ್ಕೆ ಕೊಡಬಾರದು. ಕ್ಲಿಷ್ಟವಾದ ಪಾಠವೇ ಅನೇಕ ವೇಳೆ ಮೂಲಪಾಠವೆಂಬುದು ಗ್ರಂಥಸಂಪಾದನೆಯ ಅನುಭವ. ಪೆರ್ಬೊಳಲ್, ಉರನೂರು ಮುಂತಾದ ವಿರಳವಾದ ಸ್ಥಳನಾಮಗಳನ್ನು ಪರಿಚಿತವಾದ ಬೇರೆ ಊರುಗಳಾಗಿ ಬದಲಿಸುವುದು ಯಂತ್ರಕ್ಕೆ ನಿಮಿಷದ ಕೆಲಸ. ಬದಲಾಯಿತೆಂದು ಕಂಡುಹಿಡಿಯುವುದು ನಮಗೆ ವರ್ಷಗಳ ಕೆಲಸವಾದೀತು.

ನೊಣಮಂಗಲದ ಬಸದಿ ಹಾಳಾಯಿತು. ಅದರ ಹಾಳಿನಲ್ಲಿ ಉಳಿದ ಲೋಹದ ಹಾಳೆಗಳು ವೀರದೇವ, ವಿಜಯಕೀರ್ತಿ, ಚಂದ್ರನಂದಿಯರ ಹೆಸರುಗಳನ್ನು ಕಾಪಾಡಿಕೊಟ್ಟವು. ಆ ಪಟಗಳಲ್ಲಿ ಮೂಲಸಂಘದ ಹೆಸರಿನ ಮುಂದೆ ಏನೂ ಇಲ್ಲದಿರುವುದೂ ಒಂದು ಸಾಕ್ಷ್ಯವೇ. ಇರುವುದನ್ನು ಓದುವ ಕಣ್ಣನ್ನು ಯಂತ್ರಕ್ಕೆ ಕೊಡುವುದು ಈಗ ಸಾಧ್ಯವಾಗಿದೆ. ಇಲ್ಲದುದನ್ನು ಇಲ್ಲವೆಂದೇ ಬಿಡುವ ಶಾಸ್ತ್ರವನ್ನು ಅದಕ್ಕೆ ಜೋಡಿಸುವ ಕೆಲಸ ಪಂಡಿತರದು. ಆ ಕೆಲಸವನ್ನು ಯಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡದೆ, ಹಸ್ತಪ್ರತಿಶಾಸ್ತ್ರದಲ್ಲಿ ಪರಿಶ್ರಮವುಳ್ಳವರು ಈಗಲೇ ಕೈಗೆತ್ತಿಕೊಳ್ಳುವುದು ಅಗತ್ಯ.